ಕಾನೂನಿನ ಮಾತು, ಮನೆಯ ಮಾತಿನಲ್ಲಿ

(ನಮ್ಮ ಸಂಘದ ರವಿವಾರದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ನನ್ನ ಮನೆಗೆ ಬಂದು, ಈ ಸಲ ತಾವೇ ಒಂದು ಭಾಷಣ ಮಾಡಬೇಕು ಎಂದಾಗ ನಾನು ಮೊದಲು ಹೇಳಿದ ಮಾತು, ನಾನು ವಕೀಲನಲ್ಲ ಎಂಬುದು. ಅವರು, "ಅದಕ್ಕೇ ನಿಮ್ಮನ್ನು ಕರೆಯುತ್ತಿದ್ದೇವೆ. ವಕೀಲರು ಮಾತಾಡಿದರೆ ನಮಗೆ ತಿಳಿಯುವುದಿಲ್ಲ" ಎಂದರು. ಆದ್ದರಿಂದ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಮುಂಬಯಿಯ ಕೋಟೆ ಭಾಗದಲ್ಲಿ ಒಂದು ವಕೀಲರ ಕಚೇರಿಯಲ್ಲಿ 1981ರಿಂದ 2017ರವರೆಗೆ ಗುಮಾಸ್ತನಾಗಿದ್ದವನು ನಾನು. ಕಾಗದ ಬೆರಳಚ್ಚು ಮಾಡಿದ್ದೇನೆ, ಸ್ಟಾಂಪು ತಂದಿದ್ದೇನೆ, ಕೋರ್ಟಿನ ಪಡಸಾಲೆಯಲ್ಲಿ ಕಕ್ಷಿದಾರರ ಜೊತೆ ಕುಳಿತು ಚಹಾ ಕುಡಿದಿದ್ದೇನೆ. ವಾದ ಮಾಡಿಲ್ಲ. ಇಲ್ಲಿ ನಾನು ಹೇಳುವುದು ಶಬ್ದಗಳ ಅರ್ಥವನ್ನು ಮಾತ್ರ. ನಿಮ್ಮ ನಿಮ್ಮ ವ್ಯವಹಾರಕ್ಕೆ ಸಲಹೆ ಬೇಕಾದರೆ ಅದಕ್ಕೆ ಸನದು ಪಡೆದವರು ಬೇರೆ ಇದ್ದಾರೆ.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆ ಗಾದೆಯ ಭಯದಿಂದಲೋ ಏನೋ, ನಮ್ಮ ಜನ ಕಾನೂನಿನ ಮಾತು ಬಂದರೆ ಸಾಕು, ಪಕ್ಕದ ಕೋಣೆಗೆ ಹೋಗಿಬಿಡುತ್ತಾರೆ. ಆದರೆ ನಾನು ಮೂವತ್ತಾರು ವರ್ಷ ನೋಡಿದ್ದು ಬೇರೆ. ಕಠಿಣವಾದ ಶಬ್ದದಿಂದ ಮೋಸಹೋದವರು ಕಡಿಮೆ. "ಪ್ರೊಬೇಟ್" ಎಂದರೆ ಏನು ಎಂದು ಎಲ್ಲರೂ ಕೇಳುತ್ತಾರೆ. ತಿಳಿಯದೆಂದು ಗೊತ್ತಿರುವುದರಿಂದ ಕೇಳುತ್ತಾರೆ. ನಾಮಿನಿ, ಖಾತೆ, ಜಾಮೀನು, ಬಿಡುಗಡೆ - ಇವುಗಳ ಅರ್ಥವನ್ನು ಯಾರೂ ಕೇಳುವುದಿಲ್ಲ. ದಿನನಿತ್ಯದ ಮಾತಲ್ಲವೆ! ಹಾನಿಯಾಗುವುದು ಈ ಗೊತ್ತಿದ್ದ ಶಬ್ದಗಳಿಂದಲೇ. ನನ್ನ ಮನೆಯಲ್ಲಿಯೇ ಒಮ್ಮೆ ಹಾಗಾಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ನಮ್ಮ ಕಾನೂನಿನ ಕನ್ನಡವೆಂಬುದು ಒಂದು ವಿಚಿತ್ರವಾದ ಗಂಟು. ವಕೀಲ, ಅರ್ಜಿ, ದಾವೆ, ಜಪ್ತಿ, ಜಾಮೀನು, ವಾರಸ, ಇವೆಲ್ಲ ಪಾರಸಿ-ಅರಬ್ಬಿ ಮೂಲದಿಂದ ಬಂದು ನಮ್ಮ ಮನೆಯ ಮಕ್ಕಳಾಗಿವೆ. ವಾದಿ, ಪ್ರತಿವಾದಿ, ಸಾಕ್ಷಿ, ಪ್ರಮಾಣ, ಇವು ಸಂಸ್ಕೃತದವು. ಮೇಲೆ ಇಂಗ್ಲಿಷಿನ ಸಮನ್ಸು, ಡಿಕ್ರಿ, ವಾರಂಟು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಅಲ್ಲಿಯ ಮುದುಕರ ಬಾಯಲ್ಲಿ ಇನ್ನೂ ಉತಾರ, ಕಬಜಾ, ಪಂಚನಾಮೆ ಇವೆ; ಮೈಸೂರು ಸೀಮೆಯವರು ಪಹಣಿ, ಸ್ವಾಧೀನ, ಮಹಜರು ಎನ್ನುತ್ತಾರೆ. ವಸ್ತು ಒಂದೇ. ಮದುವೆಯ ಸಂಬಂಧದಲ್ಲಿ ಹುಬ್ಬಳ್ಳಿಯ ಬೀಗರೂ ಹಾಸನದ ಬೀಗರೂ ಜಮೀನಿನ ಮಾತಾಡುತ್ತ ಅರ್ಧ ಗಂಟೆ ಒಬ್ಬರಿಗೊಬ್ಬರು ತಿಳಿಯದೆ ಕುಳಿತುದನ್ನು ನಾನು ಕಂಡಿದ್ದೇನೆ.

ಆದರೆ ಕಾನೂನು ನಮಗೆ ಹೊರಗಿನಿಂದ ಬಂದುದೆಂದು ತಿಳಿಯಬೇಡಿ. ಬಂಗಾಲವನ್ನು ಬಿಟ್ಟು ಹೆಚ್ಚಿನ ಭಾರತಕ್ಕೆಲ್ಲ ಹಿಂದೂ ದಾಯಭಾಗದ ಆಧಾರವಾಗಿ ನಿಂತ ಗ್ರಂಥ 'ಮಿತಾಕ್ಷರ'. ಅದನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದವನು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಅಲಹಾಬಾದಿನಲ್ಲಿ ಅಣ್ಣತಮ್ಮಂದಿರು ಪಾಲಿಗಾಗಿ ಜಗಳವಾಡಿದರೂ ವಕೀಲರು ಎತ್ತಿಕೊಂಡು ಓದುತ್ತಿದ್ದುದು ಕಲ್ಯಾಣದ ಈ ಪಂಡಿತನನ್ನು. ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎಂಬುದು ಆತನ ಮತ. ಮಗಳಿಗೂ ಹಾಗೆಯೇ ಎಂದು ದೇಶ ಒಪ್ಪಲು ಸುಮಾರು ಒಂಬೈನೂರು ವರ್ಷ ಬೇಕಾಯಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮುಂಬಯಿಗೆ ಬಂದ ಕುಟುಂಬ ಮೊದಲು ಸಹಿ ಹಾಕುವ ಕಾಗದ ಯಾವುದು? ಮನೆಯದು. "ಬಾಡಿಗೆ ಮನೆಯಲ್ಲಿದ್ದೇವೆ" ಎನ್ನುತ್ತೇವೆ. ಕಾಗದವನ್ನು ನೋಡಿದರೆ ಅದರಲ್ಲಿ ಬಾಡಿಗೆ ಎಂಬ ಶಬ್ದವೇ ಇರುವುದಿಲ್ಲ, "ಲೀವ್ ಅಂಡ್ ಲೈಸೆನ್ಸ್" ಎಂದಿರುತ್ತದೆ. ಲೀವ್ ಎಂದರೆ ಇಲ್ಲಿ ರಜೆಯಲ್ಲ, ಅಪ್ಪಣೆ. ಲೈಸೆನ್ಸ್ ಎಂದರೂ ಅಪ್ಪಣೆಯೇ. ಬಾಡಿಗೆದಾರನಿಗೆ ಮನೆಯ ಮೇಲೆ ಒಂದು ಹಕ್ಕು ಹುಟ್ಟುತ್ತದೆ. ಅಪ್ಪಣೆ ಪಡೆದು ಇದ್ದವನಿಗೆ ಹುಟ್ಟುವುದಿಲ್ಲ. ಛತ್ರದಲ್ಲಿ ಮೂರು ದಿನ ಇಳಿದ ಮದುವೆಯ ಮಂದಿಯ ಹಾಗೆ ಅವನು; ಬೀಗದ ಕೈ ಅವನಲ್ಲಿದೆ, ಮನೆ ಅವನ ಹಿಡಿತದಲ್ಲಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಅವಧಿ ಮುಗಿದ ಮೇಲೂ ಅವನು ಬಿಡದಿದ್ದರೆ ಇಮ್ಮಡಿ ಹಣ ಕೊಡಬೇಕಾಗುತ್ತದೆ. ಅದೇ ಕಾಯಿದೆ ಇನ್ನೊಂದು ಮಾತನ್ನೂ ಹೇಳುತ್ತದೆ. ಈ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು, ನೋಂದಣಿ ಮಾಡಿಸುವ ಹೊಣೆ ಮಾಲಿಕನದು. ಮಾಡಿಸದಿದ್ದರೆ, ಷರತ್ತುಗಳ ವಿಷಯದಲ್ಲಿ ಮನೆಯಲ್ಲಿದ್ದವನು ಹೇಳಿದ್ದನ್ನೇ, ಬೇರೆ ರೀತಿ ಸಿದ್ಧವಾಗುವವರೆಗೆ, ಕೋರ್ಟು ನಂಬುತ್ತದೆ. "ನೋಂದಣಿ ಯಾಕೆ, ಖರ್ಚು ಉಳಿಸೋಣ" ಎನ್ನುವ ಮಾಲಿಕನಿಗೆ ಈ ಮಾತು ಗೊತ್ತಿಲ್ಲವೆಂದೇ ತಿಳಿಯಬೇಕು.

ಪಗಡಿಯ ಮನೆ ಎಂಬುದು ಬೇರೆಯೇ ಪುರಾಣ. ಗಿರಗಾಂವ, ಪರೇಲುಗಳ ಚಾಳುಗಳಲ್ಲಿ ಇನ್ನೂ ಇರುವವರಿಗೆ ಅದರ ಕಥೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನು ಬಿಡುತ್ತೇನೆ.

ಇನ್ನು ಜಾಮೀನು. ಈ ಒಂದು ಶಬ್ದಕ್ಕೆ ನಮ್ಮಲ್ಲಿ ಎರಡು ಮುಖ. ಪತ್ರಿಕೆಯಲ್ಲಿ "ಆರೋಪಿಗೆ ಜಾಮೀನು" ಎಂದು ಬಂದ ಮರುದಿನ ಲೋಕಲ್ ಗಾಡಿಯಲ್ಲಿ ಜನ "ನೋಡಿ, ಬಿಟ್ಟುಬಿಟ್ಟರು" ಎನ್ನುತ್ತಾರೆ. ಬಿಟ್ಟಿಲ್ಲ. ವಿಚಾರಣೆ ನಡೆಯುವವರೆಗೆ ಮನೆಯಲ್ಲಿರು, ಕರೆದಾಗ ಬಾ ಎಂದಿದ್ದಾರೆ, ಅಷ್ಟೆ. ಆರೋಪಿ ಎಂದರೆ ಅವನ ಮೇಲೆ ಮಾತು ಬಂದಿದೆ. ಅಪರಾಧಿ ಎಂದರೆ ಆ ಮಾತು ಕೋರ್ಟಿನಲ್ಲಿ ಸಿದ್ಧವಾಗಿದೆ. ಈ ಎರಡರ ನಡುವೆ ಎಷ್ಟೋ ಸಲ ಹತ್ತು ವರ್ಷಗಳ ಅಂತರವಿರುತ್ತದೆ. ಆ ಹತ್ತು ವರ್ಷ ನೆರೆಹೊರೆಯವರು ಅವನ ಮನೆಯ ಹೆಣ್ಣಿಗೆ ಗಂಡು ಕೊಡುವುದಿಲ್ಲ.

ಎರಡನೆಯ ಮುಖವೇ ನಮಗೆ ಹೆಚ್ಚು ಸಂಬಂಧಪಟ್ಟದ್ದು: "ಜಾಮೀನು ನಿಲ್ಲುವುದು." ಊರಿನವನು, ಜಾತ್ರೆಯಲ್ಲಿ ಭೇಟಿಯಾದವನು, ಒಂದೇ ಖೋಲಿಯಲ್ಲಿ ಇದ್ದವನು ಬಂದು, "ಅಣ್ಣಾರ, ಪತಪೇಢಿಯಲ್ಲಿ ಸಾಲ ತೆಗೀತೀನಿ, ಒಂದು ಸಹಿ ಹಾಕ್ರಿ, ಬರೇ ಹೆಸರಿಗೆ" ಎನ್ನುತ್ತಾನೆ. ನಾವು ಹಾಕುತ್ತೇವೆ. ಇಲ್ಲವೆನ್ನಲು ನಾಲಿಗೆ ಬರುವುದಿಲ್ಲ. 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಅವನ ಹತ್ತಿರ ವಸೂಲು ಮಾಡಿ, ಆಗದಿದ್ದರೆ ನನ್ನ ಹತ್ತಿರ ಬನ್ನಿ ಎಂದು ಹೇಳುವಂತಿಲ್ಲ. ಸಾಲ ಕೊಟ್ಟವರು ನೇರವಾಗಿ ನಿಮ್ಮ ಬಾಗಿಲಿಗೇ ಬರಬಹುದು. ಪಗಾರದ ಮನುಷ್ಯನನ್ನು ಹಿಡಿಯುವುದು ಸುಲಭವಾದುದರಿಂದ ಬಂದೇ ಬರುತ್ತಾರೆ. ಆದ್ದರಿಂದ "ಹೆಸರಿಗೆ ಒಂದು ಸಹಿ" ಎಂಬುದು ಕಾನೂನಿನಲ್ಲಿಲ್ಲ. ನಿಲ್ಲಬೇಡಿ ಎಂದು ನಾನು ಹೇಳುವುದಿಲ್ಲ. ನನಗೂ ಮೊದಲ ಖೋಲಿ ಸಿಕ್ಕಿದ್ದು ಒಬ್ಬ ಹಿರಿಯರು ಜಾಮೀನು ನಿಂತುದರಿಂದ. ಸಾಲ ನನ್ನದೇ ಎಂದು ತಿಳಿದು ಸಹಿ ಹಾಕಬೇಕು. ಆ ಹಿರಿಯರು ಹಾಗೆಯೇ ತಿಳಿದು ಹಾಕಿದ್ದರು.

ಸಮನ್ಸು ಬಂದರೆ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡಿ. ಬೇಲೀಫನು ಬಾಗಿಲು ತಟ್ಟುತ್ತಾನೆ. ಯಜಮಾನರು ಒಳಗಿನಿಂದಲೇ "ಮನೆಯಲ್ಲಿಲ್ಲ ಎಂದು ಹೇಳು" ಎನ್ನುತ್ತಾರೆ. ಇಲ್ಲವೆ, ಕಾಗದ ತೆಗೆದುಕೊಳ್ಳುವುದಿಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ, ತೆಗೆದುಕೊಂಡರಲ್ಲವೆ ಕೇಸು ಎಂಬ ಭಾವನೆಯಿಂದ. ಸಮನ್ಸು ಎಂದರೆ ಕರೆಯೋಲೆ, ಇಷ್ಟೇ. ನಿಮ್ಮ ಮೇಲೆ ಒಬ್ಬರು ಹೀಗೆ ಹೇಳಿದ್ದಾರೆ, ನೀವು ಏನು ಹೇಳುತ್ತೀರಿ, ಬನ್ನಿ ಎಂಬ ಕರೆ. ನಿರಾಕರಿಸಿದರೆ ಅದು ಮುಟ್ಟಿದಂತೆಯೇ ಕೋರ್ಟು ಎಣಿಸಬಹುದು. ಆಮೇಲೆ ನೀವಿಲ್ಲದೆಯೇ ವಿಚಾರಣೆ ನಡೆದು ತೀರ್ಪು ಬರುತ್ತದೆ. ಅದಕ್ಕೆ ಏಕಪಕ್ಷೀಯ ಡಿಕ್ರಿ ಎಂದು ಹೆಸರು. ಸಿವಿಲ್ ದಾವೆಯಲ್ಲಿ ಸಮನ್ಸು ಮುಟ್ಟಿದ 30 ದಿನಗಳೊಳಗೆ ಪ್ರತಿವಾದಿಯು ತನ್ನ ಉತ್ತರವನ್ನು ಕೊಡಬೇಕು. ನಮ್ಮ ಕಡೆಯ ಕೋರ್ಟುಗಳಲ್ಲಿ ಇದಕ್ಕೆ ಕೈಫಿಯತ್ತು ಎನ್ನುತ್ತಿದ್ದರು, ಎಂಥ ಸೊಗಸಾದ ಶಬ್ದ! ಊರಲ್ಲಿ ಹೊಲದ ದಾವೆ ಹೂಡಿದ ದಾಯಾದಿಗಳು ಮುಂಬಯಿಯಲ್ಲಿರುವವನ ಹಳೆಯ ಚಾಳಿನ ವಿಳಾಸ ಕೊಟ್ಟು ಏಕಪಕ್ಷೀಯ ಮಾಡಿಸಿಕೊಂಡ ಉದಾಹರಣೆಗಳನ್ನೂ ನಾನು ನೋಡಿದ್ದೇನೆ. ಹಾಗಾದರೆ ಗತಿಯಿಲ್ಲವೆಂದಲ್ಲ. ಸಮನ್ಸು ಸರಿಯಾಗಿ ಮುಟ್ಟಿಲ್ಲವೆಂದು ತೋರಿಸಿ, ತೀರ್ಪಿನ ಸುದ್ದಿ ತಿಳಿದ 30 ದಿನಗಳಲ್ಲಿ ಅದನ್ನು ರದ್ದುಪಡಿಸಲು ಅರ್ಜಿ ಕೊಡಬಹುದು. ಸುದ್ದಿ ತಿಳಿದ ಮೇಲೆ "ಬರುವ ದೀಪಾವಳಿಗೆ ಊರಿಗೆ ಹೋದಾಗ ನೋಡೋಣ" ಎಂದರೆ ಮಾತ್ರ ಆಗದು.

ಸಮನ್ಸಿಗೂ ವಾರಂಟಿಗೂ ಇರುವ ಅಂತರವನ್ನು ಹೇಳಲೇಬೇಕು, ಏಕೆಂದರೆ ಈಗ ಒಂದು ಹೊಸ ಪೀಡೆ ಬಂದಿದೆ. ಸಮನ್ಸು ಕರೆಯುತ್ತದೆ, ವಾರಂಟು ಹಿಡಿದು ತರುತ್ತದೆ. ಬಂಧನವೆಂದರೆ ಶರೀರವನ್ನು ಹಿಡಿಯುವುದು. ಕಾರಣವನ್ನು ತಿಳಿಸಬೇಕು, ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ನಮ್ಮ ಸಂವಿಧಾನದ 22ನೆಯ ವಿಧಿ. ಫೋನಿನ ಪರದೆಯ ಮೇಲೆ ಖಾಕಿ ಅಂಗಿ ತೊಟ್ಟವನೊಬ್ಬ ಕಾಣಿಸಿಕೊಂಡು, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಅಫೀಮು ಸಿಕ್ಕಿದೆ, ನಿಮ್ಮನ್ನು "ಡಿಜಿಟಲ್ ಅರೆಸ್ಟ್" ಮಾಡಿದ್ದೇವೆ, ಕೋಣೆ ಬಿಟ್ಟು ಹೊರಗೆ ಹೋಗಬೇಡಿ, ಹಣ ಕಳಿಸಿ ಎಂದರೆ - ನನ್ನ ಅಕ್ಕತಂಗಿಯರೆ, ಅಂಥ ಶಬ್ದ ಯಾವ ಕಾಯಿದೆಯಲ್ಲಿಯೂ ಇಲ್ಲ. ಫೋನು ಇಟ್ಟು 1930 ಎಂಬ ಅಂಕಿಗೆ ಫೋನು ಮಾಡಿ. ಮಕ್ಕಳು ಪರದೇಶದಲ್ಲಿದ್ದು ಮನೆಯಲ್ಲಿ ಇಬ್ಬರೇ ಇರುವ ನಿವೃತ್ತರಿಗೆ ಇದನ್ನು ಮುಖ್ಯವಾಗಿ ಹೇಳುತ್ತಿದ್ದೇನೆ.

ಇನ್ನೊಂದು ಸಣ್ಣ ಮಾತು. 1955ರಲ್ಲಿ 'ಶ್ರೀ 420' ಎಂಬ ಹಿಂದೀ ಚಿತ್ರ ಬಂದ ಮೇಲಂತೂ ಮೋಸಗಾರನಿಗೆ ಚಾರ್‌ಸೌಬೀಸ್ ಎಂಬ ಹೆಸರು ಗಟ್ಟಿಯಾಗಿ ನಿಂತಿತು. ಅದು 1860ರ ದಂಡಸಂಹಿತೆಯ ಕಲಮಿನ ಅಂಕಿ. 2024ರ ಜುಲೈ 1ರಿಂದ ಆ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ವಂಚನೆಯ ಕಲಮು 318. ಬೈಗುಳ ಮಾತ್ರ ಹಳೆಯ ಅಂಕಿಯಲ್ಲಿಯೇ ನಡೆಯುತ್ತದೆಂದು ನನ್ನ ನಂಬಿಕೆ.

ಈಗ ನಾಮಿನಿ. ಇದು ನಾನು ಅತ್ಯಂತ ಹೆಚ್ಚು ಕಣ್ಣೀರು ಕಂಡ ಶಬ್ದ.

ಒಬ್ಬ ಗೃಹಸ್ಥರು ಮದುವೆಗೆ ಮುಂಚೆ ಉಪನಗರದಲ್ಲಿ ಒಂದು ಸಣ್ಣ ಫ್ಲ್ಯಾಟು ಕೊಂಡರು. ಸೊಸೈಟಿಯ ಅರ್ಜಿಯಲ್ಲಿ ನಾಮಿನಿ ಎಂದು ತಮ್ಮನ ಹೆಸರು ಬರೆದರು. ಆಗ ಬರೆಯಲು ಬೇರೆ ಯಾರಿದ್ದರು? ಆಮೇಲೆ ಮದುವೆಯಾಯಿತು, ಎರಡು ಮಕ್ಕಳಾದವು. ಆ ಅರ್ಜಿಯನ್ನು ಯಾರೂ ನೆನೆಯಲಿಲ್ಲ. 52ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸೊಸೈಟಿಯವರು ಶೇರು ಪತ್ರದ ಮೇಲೆ ತಮ್ಮನ ಹೆಸರು ಬರೆದರು. ಆ ತಮ್ಮನು ದುಷ್ಟನಲ್ಲ. "ಅಣ್ಣನೇ ನನ್ನ ಹೆಸರು ಬರೆದಿದ್ದಾನೆ, ಆದುದರಿಂದ ಮನೆ ನನಗೆ ಕೊಟ್ಟಿದ್ದಾನೆ" ಎಂದು ಪ್ರಾಮಾಣಿಕವಾಗಿ ನಂಬಿದ್ದನು. ಅತ್ತಿಗೆಯೂ ಹಾಗೆಯೇ ನಂಬಿ, ಗಂಡ ತನಗೆ ಮೋಸಮಾಡಿದನೆಂದು ಅತ್ತಳು! ಇಬ್ಬರ ನಂಬಿಕೆಯೂ ತಪ್ಪು. ನಾಮಿನಿ ಎಂದರೆ ಒಡೆಯನಲ್ಲ. ನೀವು ಮನೆಯಲ್ಲಿಲ್ಲದಾಗ ಬಂದ ಪಾರ್ಸೆಲ್ಲನ್ನು ಪಕ್ಕದ ಮನೆಯವರು ತೆಗೆದಿಟ್ಟುಕೊಳ್ಳುತ್ತಾರಲ್ಲ, ಹಾಗೆ. ತೆಗೆದುಕೊಳ್ಳುವ ಅಧಿಕಾರ ಅವರಿಗಿದೆ, ಬಿಚ್ಚಿ ತಿನ್ನುವ ಅಧಿಕಾರವಿಲ್ಲ. ಬ್ಯಾಂಕು, ಸೊಸೈಟಿಗಳಿಗೆ ಯಾರ ಕೈಗೆ ಕೊಟ್ಟು ತಮ್ಮ ಹೊಣೆ ಕಳೆದುಕೊಳ್ಳಬೇಕೆಂದು ತಿಳಿಯಲು ಒಂದು ಹೆಸರು ಬೇಕು. ಆ ಹೆಸರೇ ನಾಮಿನಿ. ಆಸ್ತಿ ಸೇರಬೇಕಾದುದು ವಾರಸುದಾರರಿಗೆ, ಅಥವಾ ಮೃತ್ಯುಪತ್ರವಿದ್ದರೆ ಅದರಲ್ಲಿ ಬರೆದವರಿಗೆ. ಜೀವವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟು 1983ರಲ್ಲಿಯೇ ಇದನ್ನು ಹೇಳಿತು. ಕಂಪನಿಯ ಶೇರುಗಳ ವಿಷಯದಲ್ಲಿ 2023ರ ಡಿಸೆಂಬರಿನಲ್ಲಿ ಹೇಳಿತು. ಮಹಾರಾಷ್ಟ್ರದ ಸಹಕಾರಿ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಂತೆ ವಾರಸುದಾರರು ತೀರ್ಮಾನವಾಗುವವರೆಗೆ ನಾಮಿನಿಯು ಸೊಸೈಟಿಯ ತಾತ್ಕಾಲಿಕ ಸದಸ್ಯ ಮಾತ್ರ. ವಿಮೆಯಲ್ಲಿ ಒಂದು ತೊಡಕಿದೆ. 2015ರ ತಿದ್ದುಪಡಿಯಲ್ಲಿ ತಂದೆತಾಯಿ, ಗಂಡಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಹಣದ ಹಕ್ಕು ಅವರಿಗೇ ಎಂಬ ಅರ್ಥದ ಮಾತು ಸೇರಿತು. ಅದು ವಾರಸಾ ಕಾಯಿದೆಯನ್ನು ಮೀರುತ್ತದೆಯೋ ಇಲ್ಲವೋ ಎಂಬುದರಲ್ಲಿ ಹೈಕೋರ್ಟುಗಳು ಒಂದೇ ಮಾತು ಹೇಳಿಲ್ಲ.

ಆ ಅತ್ತಿಗೆ-ಮೈದುನರ ವ್ಯಾಜ್ಯ ಆರು ವರ್ಷ ನಡೆಯಿತು. ಮನೆ ಹೆಂಡತಿ-ಮಕ್ಕಳಿಗೆ ಬಂದಿತು. ಎರಡು ಮನೆಗಳ ನಡುವೆ ಹೋಗಿಬರುವುದು ನಿಂತುಹೋಯಿತು. ಒಂದು ಅರ್ಜಿಯಲ್ಲಿ ಹೆಸರು ತಿದ್ದಿಸಿದ್ದರೆ, ಅಥವಾ ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದಿಟ್ಟಿದ್ದರೆ ಸಾಕಾಗಿತ್ತು.

ಆ ನಾಲ್ಕು ಸಾಲಿಗೇ ಮೃತ್ಯುಪತ್ರ, ಮೈಸೂರಿನವರ ಉಯಿಲು. ಹೆಸರೇ ಅಪಶಕುನವೆಂದು ನಮ್ಮ ಜನ ಅದನ್ನು ಬರೆಯುವುದಿಲ್ಲ. ಸ್ಟಾಂಪು ಕಾಗದ ಬೇಡ. ಬಿಳಿಯ ಹಾಳೆ ಸಾಕು. ನೋಂದಣಿ ಮಾಡಿಸಿದರೆ ಒಳ್ಳೆಯದು, ಕಡ್ಡಾಯವಲ್ಲ. ನಿಮ್ಮ ಸಹಿಯನ್ನು ನೋಡಿದ ಇಬ್ಬರು ಸಾಕ್ಷಿಗಳು ಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡದಿರುವುದು ಜಾಣತನ. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದೇ ನಿಲ್ಲುತ್ತದೆ. ನಿಮ್ಮದಲ್ಲದ ಪಾಲನ್ನು ಮಾತ್ರ ಬರೆಯಲಾಗದು. ಬರೆಯದೆ ಹೋದರೆ, ಹಿಂದೂ ವಾರಸಾ ಕಾಯಿದೆಗೆ ಸೇರಿದವರಲ್ಲಿ ಗಂಡಸಿನ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ, ಇವರಿಗೆ ಸಮಸಮನಾಗಿ ಹೋಗುತ್ತದೆ. ಮಗನು ಮೊದಲೇ ತೀರಿಕೊಂಡಿದ್ದರೆ ಅವನ ಮಕ್ಕಳೂ ಬರುತ್ತಾರೆ. ತಾಯಿ ಈ ಮೊದಲ ಸಾಲಿನಲ್ಲಿದ್ದಾಳೆ, ತಂದೆ ಇಲ್ಲ. ಕೇಳಿದವರೆಲ್ಲ ಇದಕ್ಕೆ ಅಚ್ಚರಿಪಡುತ್ತಾರೆ. ಪ್ರೊಬೇಟ್ ಎಂದರೆ ಈ ಮೃತ್ಯುಪತ್ರ ನಿಜವಾದುದೆಂದು ಕೋರ್ಟು ಒತ್ತುವ ಮುದ್ರೆ; ಮುಂಬಯಿ, ಮದರಾಸು, ಕಲ್ಕತ್ತೆಗಳಲ್ಲಿ ಬಹುಕಾಲ ಕಡ್ಡಾಯವಾಗಿದ್ದುದರಿಂದಲೇ ಇಲ್ಲಿ ಅದರ ಹೆಸರು ಇಷ್ಟು ಕೇಳಿಬರುವುದು.

ಕೊನೆಗೆ ಊರಿನ ಕಾಗದಗಳಿಗೆ ಬರೋಣ. ನಾವು ಇಲ್ಲಿದ್ದರೂ ನಮ್ಮ ಅರ್ಧ ಜೀವ ಅಲ್ಲಿರುತ್ತದೆ. ಜಗಳವಂತೂ ಪೂರ್ತಿ ಅಲ್ಲಿಯೇ ಇರುತ್ತದೆ. "ಖಾತೆ ನನ್ನ ಹೆಸರಿನಲ್ಲಿದೆ, ಆದ್ದರಿಂದ ಹೊಲ ನನ್ನದು" ಎಂಬುದು ಎಲ್ಲೆಡೆ ಕೇಳುವ ಮಾತು. ಖಾತೆಯೆಂದರೆ ಕಂದಾಯ ಯಾರಿಂದ ವಸೂಲು ಮಾಡಬೇಕೆಂಬ ಸರಕಾರದ ಲೆಕ್ಕ. ಪಹಣಿ, ಅಂದರೆ ನಮ್ಮ ಉತಾರ, ಮಹಾರಾಷ್ಟ್ರದ ಸಾತ್‌ಬಾರಾದ ಅಣ್ಣ, ಹೊಲದ ಸ್ಥಿತಿಯನ್ನು ಹೇಳುತ್ತದೆ. ತಪ್ಪೆಂದು ಸಿದ್ಧವಾಗುವವರೆಗೆ ಅದನ್ನು ಸರಿಯೆಂದು ಹಿಡಿಯುತ್ತಾರೆ. ಆದರೆ ಒಡೆತನ ಹುಟ್ಟುವುದು ಖರೀದಿ ಪತ್ರದಿಂದ, ದಾನಪತ್ರದಿಂದ, ವಾಟ್ನಿಯಿಂದ, ವಾರಸೆಯಿಂದ. ಅಪ್ಪ ತೀರಿದ ಮೇಲೆ ಮಾಡಿಸುವುದು ಪೌತಿ ಖಾತೆ, ಪೌತಿಯೆಂದರೆ ಸಾವು. ಅಣ್ಣನೊಬ್ಬನ ಹೆಸರಿಗೆ ಪೌತಿ ಖಾತೆಯಾದ ಮಾತ್ರಕ್ಕೆ ತಂಗಿಯ ಪಾಲು ಕರಗುವುದಿಲ್ಲ. ಮುಖ್ತ್ಯಾರ ಪತ್ರವೂ ಹಾಗೆಯೇ. ನನ್ನ ಪರವಾಗಿ ನೀನು ಕೆಲಸ ಮಾಡು ಎಂಬ ಅಧಿಕಾರ ಅದು, ಮಾರಾಟವಲ್ಲ. ಮುಖ್ತ್ಯಾರ ಪತ್ರದ ಮೇಲೆ ನಿವೇಶನ "ಕೊಂಡವರು" ಒಡೆಯರಾಗುವುದಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟು ಬಿಚ್ಚಿ ಹೇಳಿದೆ. ಸಾಮಾನ್ಯವಾಗಿ ಕೊಟ್ಟವನು ಸತ್ತ ದಿನವೇ ಅದೂ ಸಾಯುತ್ತದೆ.

ಇನ್ನು ನನ್ನ ಮನೆಯ ಮಾತು.

ನಮ್ಮ ಅಪ್ಪ 1997ರಲ್ಲಿ ತೀರಿಕೊಂಡ. ಧಾರವಾಡ ಜಿಲ್ಲೆಯಲ್ಲಿ ಎಂಟು ಎಕರೆ ಎರೆಹೊಲ. ಅಣ್ಣ ಊರಲ್ಲಿ ಒಕ್ಕಲುತನ ಮಾಡುತ್ತಿದ್ದ, ಅಕ್ಕನ ಗಂಡ ಗಿರಣಿಯ ಕೆಲಸ ಹೋದ ಮೇಲೆ ಡೊಂಬಿವಿಲಿಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದ, ನಾನು ಇಲ್ಲಿ. ಮರುವರ್ಷ ಪಂಚಮಿಗೆ ಅಕ್ಕ ತವರಿಗೆ ಬಂದಳು, ನಾನೂ ಹೋಗಿದ್ದೆ. ಜೋಕಾಲಿ ಆಡಿದ್ದಾಯಿತು, ಉಂಡಿ ತಿಂದದ್ದಾಯಿತು. ಅಣ್ಣ, ಸೊಸೈಟಿಯಲ್ಲಿ ಬೆಳೆಸಾಲ ತೆಗೆಯಬೇಕು, ಖಾತೆ ನನ್ನ ಹೆಸರಿಗೆ ಬೇಕು, ನಾಳೆ ತಾಲೂಕಿಗೆ ಹೋಗೋಣ ಎಂದ. ಸಬ್‌ರಜಿಸ್ಟ್ರಾರರ ಕಚೇರಿಯ ಮುಂದೆ ಬರಹಗಾರನು ಕಾಗದ ಕೊಟ್ಟ. ಅಕ್ಕ ಮೂರನೆಯ ಇಯತ್ತೆ ಓದಿದವಳು. ಅದನ್ನು ನನ್ನ ಕೈಗಿತ್ತು, "ತಮ್ಮಾ, ಇದರಾಗ ಏನೈತಿ, ಓದಿ ಹೇಳು" ಎಂದಳು. ತಲೆಬರಹ "ಹಕ್ಕು ಬಿಡುಗಡೆ ಪತ್ರ" ಎಂದಿತ್ತು. ನಾನು ಎರಡು ಸಾಲು ಕಣ್ಣಾಡಿಸಿ, "ಖಾತೆ ಬದಲಾಯಿಸೋ ಕಾಗದ ಅಕ್ಕಾ, ಸಹಿ ಹಾಕು" ಎಂದೆ.

ಕೇಳಿ, ನಾನು ಆಗ ಹದಿನೇಳು ವರ್ಷದ ಅನುಭವವುಳ್ಳ ಗುಮಾಸ್ತ. ಇಂಗ್ಲಿಷಿನಲ್ಲಿ "ರಿಲೀಸ್ ಡೀಡ್" ಎಂದಿದ್ದರೆ ನನ್ನ ಕೈ ತಡೆಯುತ್ತಿತ್ತು. ಮರಾಠಿಯಲ್ಲಿ "ಹಕ್ಕಸೋಡ ಪತ್ರ" ಎಂದಿದ್ದರೂ ತಡೆಯುತ್ತಿತ್ತು. ಅಂಥವನ್ನು ನಾನೇ ಎಷ್ಟೋ ಬೆರಳಚ್ಚು ಮಾಡಿದ್ದೆ. ನನ್ನ ತಾಯಿನುಡಿಯಲ್ಲಿತ್ತು, ಆದ್ದರಿಂದ ಓದದೆಯೇ ತಿಳಿಯಿತೆಂದುಕೊಂಡೆ. ಬಿಡುಗಡೆ ಎಂದರೆ ನಮಗೆ ಸ್ವಾತಂತ್ರ್ಯ, ಜೈಲಿನ ಬಾಗಿಲು ತೆರೆಯುವುದು, ಒಳ್ಳೆಯದೇ. ಇಲ್ಲಿ ಬಿಡುಗಡೆ ಹೊಂದಿದ್ದು ಅಕ್ಕನಿಂದ ಅವಳ ಪಾಲು.

ಅಪ್ಪನ ಪಾಲಿನಲ್ಲಿ ಅವಳಿಗೆ 1956ರ ಕಾಯಿದೆಯಂತೆ ಅಂದೂ ಭಾಗವಿತ್ತು. 2014ರಲ್ಲಿ ಹೆದ್ದಾರಿ ಅಗಲಮಾಡಲು ಎರಡು ಎಕರೆ ಹೋಗಿ ಪರಿಹಾರ ಬಂದಾಗ ಅಕ್ಕ ವಿಧವೆಯಾಗಿದ್ದಳು, ಅಂಗಡಿ ಮುಚ್ಚಿತ್ತು. ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಅಣ್ಣ, "ನೀನ ಸಹಿ ಮಾಡೀಯಲ್ಲ ಅಕ್ಕಾ" ಎಂದ. ಅದು ಸುಳ್ಳೂ ಅಲ್ಲ. ಕಾಗದ ತರಿಸಿ ಓದಿದಾಗ ಮಾತ್ರ ನನಗೆ ತಿಳಿಯಿತು. ನನ್ನ ಪಾಲಿಗೆ ಬಂದುದರಲ್ಲಿ ಅರ್ಧ ಅವಳಿಗೆ ಕೊಟ್ಟೆ, ತೆಗೆದುಕೊಂಡಳು. ಒಮ್ಮೆ ಮಾತ್ರ ಅಂದಳು: "ನೀ ಓದಿ ಹೇಳಿದಿ ಅಂತ ಮಾಡಿದೆ."

ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದಲ್ಲ. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಾಗಿತ್ತು. ಕರ್ನಾಟಕದಲ್ಲಿ 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಬಂದಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ, ಮದುವೆಯಾದವರಿಗೂ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ತೀರ್ಪಿತ್ತಿತು. ವಿಜ್ಞಾನೇಶ್ವರನು ಮಗನಿಗೆ ಹೇಳಿದ್ದನ್ನು ಮಗಳಿಗೂ ಹೇಳಿದಂತಾಯಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾಗಿ ಅಥವಾ ಡಿಕ್ರಿಯಿಂದ ಮುಗಿದ ವಾಟ್ನಿಯನ್ನು ಮಾತ್ರ ಅದು ಮುಟ್ಟುವುದಿಲ್ಲ. ಆ ಸುದ್ದಿಯನ್ನು ಟೀವಿಯಲ್ಲಿ ಕೇಳಿ ಅಕ್ಕ ನನಗೆ ಫೋನು ಮಾಡಿದಳು: "ನಮ್ಮದೂ ಬರತೈತೇನೋ?" ಆ ಕಾಗದವಿಲ್ಲದಿದ್ದರೆ ಕೇಳಲು ಒಂದು ದಾರಿಯಾದರೂ ಇರುತ್ತಿತ್ತು. ಇಲ್ಲ ಅಕ್ಕಾ ಎಂದೆ. "ಇರಲಿ ಬಿಡು, ಉಂಡಿಯಾ?" ಎಂದು ಕೇಳಿ ಫೋನು ಇಟ್ಟಳು.

ಸಮಯವಾಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕೊನೆಗೆ ಎರಡು ಉಪಯೋಗದ ಮಾತು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಹೇಳುತ್ತದೆ. ಕಡಿಮೆ ಆದಾಯದ ಇತರರಿಗೂ ಉಂಟು. ಪ್ರತಿ ಜಿಲ್ಲಾ ಕೋರ್ಟಿನಲ್ಲಿ ಅದರ ಕಚೇರಿಯಿದೆ, ಫೋನಿನ ಅಂಕಿ 15100.

ಎರಡನೆಯದು, ಸಂಘದ ವಾಚನಾಲಯದಲ್ಲಿ ಪ್ರತಿ ರವಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು ಕುಳಿತಿರುತ್ತೇನೆ. ಊರಿನಿಂದ ಬಂದ ಕಾಗದ, ಬ್ಯಾಂಕಿನ ಕಾಗದ, ಸೊಸೈಟಿಯ ಕಾಗದ, ಯಾವುದೇ ಇರಲಿ, ತನ್ನಿ. ಸಲಹೆ ಕೊಡುವುದಿಲ್ಲ, ಓದಿ ಹೇಳುತ್ತೇನೆ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಅವಸರದಲ್ಲಿ ಬರಬೇಡಿ. ಸಹಿ ಹಾಕಿದ ಮೇಲೆ ತರುವವರೇ ಹೆಚ್ಚು; ಹಾಕುವ ಮೊದಲು ತಂದರೆ ನನಗೂ ಅನುಕೂಲ.